ಒಂದೇ ಕಾರು ಎರಡಾಗಿ ಕಂಡಾಗ

ಕಾರುಗಳು ತಾವು ಕಂಡದ್ದನ್ನು ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆಯ ಸಿಮ್ಯುಲೇಷನ್ (ಕಂಪ್ಯೂಟರಿನಲ್ಲಿ ಅಣಕು ಪ್ರಯೋಗ) ಶುರು ಮಾಡಿದಾಗ ನನ್ನ ಚಿಂತೆಯೆಲ್ಲ ಸಿಗ್ನಲ್ ಎಷ್ಟು ದೂರ ಹೋಗುತ್ತದೆ ಎಂಬುದರ ಮೇಲೇ ಇತ್ತು. ಬಳಸಿದ ತಂತ್ರಾಂಶಗಳು: ವಾಹನಗಳ ಓಡಾಟಕ್ಕೆ ಸುಮೋ, ನೆಟ್‌ವರ್ಕಿಗೆ ಓಮ್ನೆಟ್‌ಪ್ಲಸ್‌ಪ್ಲಸ್, ಎರಡನ್ನೂ ಬೆಸೆಯಲು ವೇನ್ಸ್. ರೇಡಿಯೊ 802.11ಪಿ (ವಾಹನಗಳಿಗೆಂದು ಮಾಡಿದ ವೈಫೈ ಬಗೆ), 5.9 ಗಿಗಾಹರ್ಟ್ಸ್‌ನಲ್ಲಿ 10 ಮೆಗಾಹರ್ಟ್ಸ್ ಅಗಲದ ಚಾನೆಲ್.

ಇಪ್ಪತ್ತೇ ಕಾರು, ಎಲ್ಲವೂ ಹತ್ತಿರ ಹತ್ತಿರ. ಆದರೂ ಮುಕ್ಕಾಲು ಪಾಲು ಸಂದೇಶ ನಾಪತ್ತೆ. ಎರಡು ದಿನ ಪವರ್ ಸೆಟ್ಟಿಂಗ್ ಕೆದಕಿದೆ. ಕೊನೆಗೆ ಲಾಗ್ ತೆರೆದು ಕಳಿಸಿದ ಹೊತ್ತಿನ ಕಾಲಂ ನೋಡಿದರೆ 12.100, 12.100, 12.100... ನಾನೇ ಬರೆದ ಟೈಮರ್ ಎಲ್ಲ ಕಾರುಗಳಲ್ಲೂ ಒಂದೇ ಕ್ಷಣಕ್ಕೆ ಹೊಡೆಯುತ್ತಿತ್ತು! ಚಾನೆಲ್ ಖಾಲಿಯಿದೆ ಎಂದು ಎಲ್ಲವೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದವು. ಎಲ್ಲರಿಗೂ ಒಟ್ಟಿಗೆ ಸಾರುವ ಬ್ರಾಡ್‌ಕಾಸ್ಟ್‌ಗೆ ‘ತಲುಪಿತು’ ಎಂಬ ಮರುತ್ತರ ಬರುವುದಿಲ್ಲವಾದ್ದರಿಂದ ಸಂದೇಶಗಳು ಡಿಕ್ಕಿಯಾದದ್ದು ಕಳಿಸಿದ ಕಾರಿಗೂ ತಿಳಿಯದು. ಪ್ರತಿ ಕಾರಿನ ಆರಂಭವನ್ನು ಯಾದೃಚ್ಛಿಕವಾಗಿ ಹಿಂದೆಮುಂದೆ ಮಾಡಿದೆ. ಒಂದು ಸಾಲಿನ ಕೋಡ್, ಅಷ್ಟೆ.

ಆಮೇಲೆ ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆಯಾದ ಇಟಿಎಸ್‌ಐನ ನಿಯಮವನ್ನು ಕೋಡಿಗೆ ಹಾಕಿದೆ: 4 ಮೀಟರ್ ಸರಿದರೆ, ದಿಕ್ಕು 4 ಡಿಗ್ರಿ ತಿರುಗಿದರೆ ಅಥವಾ ವೇಗ ಸೆಕೆಂಡಿಗೆ ಅರ್ಧ ಮೀಟರ್ ಬದಲಾದರೆ ಮಾತ್ರ ಹೊಸ ಸಂದೇಶ, ಏನೂ ಬದಲಾಗದಿದ್ದರೂ ಸೆಕೆಂಡಿಗೊಂದು. ನಿಂತ ಕಾರುಗಳ ಗದ್ದಲ ಅಡಗಿತು.

ನಿಜವಾದ ತಲೆನೋವು ಕಾರುಗಳು ತಮ್ಮ ಸ್ಥಾನವಷ್ಟೇ ಅಲ್ಲದೆ ತಮ್ಮ ಸೆನ್ಸರ್ ಕಂಡದ್ದನ್ನೂ ಹಂಚತೊಡಗಿದ ಮೇಲೆ. ಪರದೆಯಲ್ಲಿ ಒಂದು ಕಾರಿನ ಹಿಂದೆ ಐದು ಮೀಟರಿಗೆ ಅದರದೇ ಭೂತ! ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. 200 ಮಿಲಿಸೆಕೆಂಡ್ ಹಳೆಯ ಸುದ್ದಿಯಲ್ಲಿ ಕಾರು ಐದು ಮೀಟರ್ ಹಿಂದೆಯೇ ಉಳಿದಿರುತ್ತದೆ. ಸಂದೇಶ ಕಳಿಸಿದ ಹೊತ್ತನ್ನು ನಮೂದಿಸುತ್ತಿದ್ದೆ, ಸೆನ್ಸರ್ ಕಂಡ ಹೊತ್ತನ್ನಲ್ಲ. ಅದನ್ನು ಸರಿಪಡಿಸಿ, ಕಳೆದ ಹೊತ್ತಿಗೆ ವೇಗ ಗುಣಿಸಿ ಸ್ಥಾನವನ್ನು ಈ ಕ್ಷಣಕ್ಕೆ ತಂದ ಮೇಲೆ ಎರಡು ಒಂದಾದವು.

ಇನ್ನೊಂದು ಎಡವಟ್ಟು ಗಾಳಿಸುದ್ದಿಯದು. ‘ಅ’ ಕಾರು ಹೇಳಿದ್ದನ್ನು ‘ಬ’ ಕಾರು ತನ್ನ ಪಟ್ಟಿಗೆ ಸೇರಿಸಿ ಮತ್ತೆ ಪ್ರಸಾರ ಮಾಡಿತು. ‘ಅ’ ಅದನ್ನು ಕೇಳಿ, ಇನ್ನೊಬ್ಬರೂ ಕಂಡಿದ್ದಾರೆಂದು ತನ್ನ ನಂಬಿಕೆ ಏರಿಸಿಕೊಂಡಿತು. ಇಲ್ಲದ ಅಡಚಣೆಗೂ ಹೀಗೆ ಸಾಕ್ಷಿ ಹುಟ್ಟುತ್ತಿತ್ತು. ಸ್ವಂತ ಸೆನ್ಸರಿಗೆ ಕಂಡದ್ದನ್ನಷ್ಟೇ ಹಂಚಬೇಕೆಂದು ಕಟ್ಟು ಹಾಕಿದೆ. ದೂರದ ಸುದ್ದಿ ಸ್ವಲ್ಪ ಕಡಿಮೆಯಾಯಿತು, ಆಗಲಿ.

ತಿರುವುಗಳಲ್ಲಿ ಭೂತ ಈಗಲೂ ಆಗಾಗ ಏಳುತ್ತದೆ, ನನ್ನ ಲೆಕ್ಕ ಕಾರನ್ನು ನೇರಕ್ಕೇ ಓಡಿಸುವುದರಿಂದ. ಸದ್ಯ ದಿಕ್ಕು ತಿರುಗುವ ವೇಗವನ್ನೂ ಸೇರಿಸಿ ನೋಡುತ್ತಿದ್ದೇನೆ.