ಒಣಗಿದ ಜೇಕಿನ ಎಲೆಯಿಂದ ವಂಶವೃಕ್ಷ: ನನ್ನ ಅನುಭವ

ಕರಾವಳಿಯ ಮುರಕಲ್ಲಿನ ಪದವು, ಭತ್ತದ ಗದ್ದೆ, ಸಮುದ್ರದಂಡೆಯ ಮರಳು ಮತ್ತು ಘಟ್ಟದ ಶೋಲಾ ಕಾಡಿನ ಅಂಚು, ಇವುಗಳಲ್ಲಿ ಬೆಳೆಯುವ ಜೇಕುಗಳನ್ನು (ಹುಲ್ಲಿನಂತೆ ಕಂಡರೂ ಬೇರೆ ಕುಟುಂಬದ ಗಿಡಗಳು) ವಂಶವೃಕ್ಷದಲ್ಲಿ ಕೂರಿಸಿ, ನೆಲೆಯ ಆಯ್ಕೆಯಲ್ಲಿ ರಕ್ತಸಂಬಂಧದ ಪಾಲೆಷ್ಟು ಎಂದು ನೋಡುವ ಕೆಲಸ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಆಗದು ಎಂದು ಹೇಳಿದವರು ಬಹಳ ಮಂದಿ. ಇಂಗಾಲದ ಐಸೊಟೋಪ್ ಅಳತೆಯಿಲ್ಲದೆ ಸಿ3, ಸಿ4 (ಗಿಡ ಬೆಳಕಿನಿಂದ ಆಹಾರ ತಯಾರಿಸುವ ಎರಡು ಬಗೆ; ಸಿ4ರಲ್ಲಿ ಇಂಗಾಲದ ಡೈಆಕ್ಸೈಡನ್ನು ಮೊದಲು ಒಳಗಿನ ವಿಶೇಷ ಕೋಶಗಳಲ್ಲಿ ಒಟ್ಟುಗೂಡಿಸಲಾಗುತ್ತದೆ) ವಿಂಗಡಣೆಯನ್ನು ಯಾರೂ ಒಪ್ಪುವುದಿಲ್ಲ ಎಂಬುದು ಒಂದು ಆಕ್ಷೇಪ; ಪಾದರಸದ ಕ್ಲೋರೈಡ್ ಬಳಿದ ಹಳೆಯ ಹರ್ಬೇರಿಯಂ (ಒಣಗಿಸಿ ಅಂಟಿಸಿದ ಗಿಡಗಳ ಸಂಗ್ರಹ) ಹಾಳೆಗಳಿಂದ ಡಿಎನ್‌ಎ ಬಾರದು ಎಂಬುದು ಇನ್ನೊಂದು. ಎರಡನ್ನೂ ದಾಟಿದ್ದಾಗಿದೆ.

ಎಲೆಯ ಒಳರಚನೆಯಿಂದ ಸಿ4 ಗುರುತಿಸಲು ಅದನ್ನು ತೆಳುವಾಗಿ ಕೊಯ್ಯಬೇಕು; ಆ ತೆಳು ಚೂರೇ ಛೇದ. ಮೊದಲ ತೊಡಕು ಬ್ಲೇಡಿನದು. ಜೇಕಿನ ಎಲೆಯ ಹೊರಪದರದಲ್ಲಿರುವ ಶಂಕುವಿನಾಕಾರದ ಸಿಲಿಕಾ ಕಣಗಳು ಹೊಸ ಬ್ಲೇಡನ್ನೂ ನಾಲ್ಕೈದು ಛೇದಗಳೊಳಗೆ ಮೊಂಡು ಮಾಡುತ್ತವೆ. ಆ ಮೇಲೆ ಬರುವುದು ಛೇದವಲ್ಲ, ಚಿಂದಿ. ಆ ವರ್ಷ ಬ್ಲೇಡಿಗೆ ಖರ್ಚಾದ ಹಣದಲ್ಲಿ ಒಂದು ಸಣ್ಣ ಕಿಣ್ವದ ಬಾಟಲಿ ಬರುತ್ತಿತ್ತು. ಒಣ ಎಲೆಯನ್ನು ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬಿಟ್ಟ ನೀರಿನಲ್ಲಿ ಕುದಿಸಿ ಮೆತ್ತಗಾಗಿಸಿ, ಕ್ಯಾರೆಟ್ ತುಂಡಿನ ಸೀಳಿನಲ್ಲಿಟ್ಟು ಕೊಯ್ದು, ಟೊಲುಯಿಡಿನ್ ನೀಲಿಯಲ್ಲಿ ಅದ್ದಿದರೆ ಮೆಸ್ಟೋಮ್ ಕವಚ (ನಾಳಗಳನ್ನು ಸುತ್ತುವರಿದ ದಪ್ಪಗೋಡೆಯ ಕೋಶಗಳ ಸುತ್ತು) ಹಸಿರುನೀಲಿಯಾಗಿ ಎದ್ದು ಕಾಣುತ್ತದೆ. ಕುದಿಸಿದ ನಂತರ, ಕೊಯ್ಯುವ ಮೊದಲು, ನಾನು ಮಾಡುವ ಇನ್ನೊಂದು ಕೆಲಸವಿದೆ. ಪ್ರಬಂಧ ಅಚ್ಚಾಗುವವರೆಗೆ ಅದು ನನ್ನಲ್ಲೇ ಇರಲಿ.

ಹೀಗೆ ಕಂಡದ್ದು ಐಸೊಟೋಪ್ ಅಳತೆಗಿಂತ ಹೆಚ್ಚಿನದು ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಐಸೊಟೋಪ್ ಸಿ4 ಹೌದೋ ಅಲ್ಲವೋ ಎಂದಷ್ಟೇ ತಿಳಿಸುತ್ತದೆ. ಛೇದವಾದರೆ ಅದು ಯಾವ ದಾರಿಯಿಂದ ಬಂದ ಸಿ4 ಎಂಬುದನ್ನೂ ತೋರಿಸುತ್ತದೆ. ಕೊನ್ನಾರಿ ಗಡ್ಡೆ ಎಂಬ ಜೇಕಿನ ಎಲೆಯಲ್ಲಿ ಹೊರಗೆ ಮೆಸ್ಟೋಮ್ ಕವಚ, ಅದರ ಒಳಗೆ ಕ್ರಾಂಜ್ ಕೋಶಗಳು (ಸಿ4ರ ಆ ವಿಶೇಷ ಕೋಶಗಳು), ಹೀಗೆ ಎರಡೇ ಸುತ್ತು. ಮುರಕಲ್ಲಿನ ಮೇಲಿನ ಫಿಂಬ್ರಿಸ್ಟೈಲಿಸ್‌ನಲ್ಲಿ ಇವೆರಡರ ಹೊರಗೆ ಮೃದುಕೋಶಗಳ ಮತ್ತೊಂದು ಸುತ್ತು ಇರುತ್ತದೆ. ರಿಂಕೊಸ್ಪೊರಾ ರುಬ್ರಾದಲ್ಲಿ ಮೆಸ್ಟೋಮ್ ಇರಬೇಕಾದ ಜಾಗದಲ್ಲೇ ಕ್ರಾಂಜ್ ಕೋಶಗಳು ಕುಳಿತಿವೆ. ಒಂದೇ ಕುಟುಂಬದಲ್ಲಿ ಈ ಉಪಾಯ ಬೇರೆ ಬೇರೆ ಸಲ ಹುಟ್ಟಿತು ಎಂಬುದಕ್ಕೆ ಇಷ್ಟು ಅಗ್ಗದ ಸಾಕ್ಷಿ ಬೇರೆಲ್ಲಿದೆ?

ಡಿಎನ್‌ಎ ಕೆಲಸವೇ ಹಣ ನುಂಗಿದ್ದು. ಸಿಟಿಎಬಿ ಎಂಬ ರಾಸಾಯನಿಕದಿಂದ ಡಿಎನ್‌ಎ ಬೇರ್ಪಡಿಸುವ ವಿಧಾನವನ್ನು ಇದ್ದ ಹಾಗೆ ಅನುಸರಿಸಿದಾಗ ಟ್ಯೂಬಿನ ತಳದಲ್ಲಿ ಸೇರುತ್ತಿದ್ದುದು ಕಂದು ಬಣ್ಣದ ಲೋಳೆ. ಡಿಎನ್‌ಎಯನ್ನು ನಕಲು ಮಾಡುವ ಪಿಸಿಆರ್ ಅದನ್ನು ಮುಟ್ಟುತ್ತಲೂ ಇರಲಿಲ್ಲ. ಸಾರ್ಬಿಟಾಲ್ ದ್ರಾವಣದಲ್ಲಿ ಪುಡಿಯನ್ನು ಎರಡು ಸಲ ತೊಳೆದು, ಆ ಬಳಿಕ ಸಿಟಿಎಬಿ ಹಾಕಲು ಆರಂಭಿಸಿದ ಮೇಲೆ ಲೋಳೆ ಹೋಯಿತು. ಐಟಿಎಸ್ (ವಂಶ ಪತ್ತೆಗೆ ಬಳಸುವ ಡಿಎನ್‌ಎ ಭಾಗ) ತುಣುಕುಗಳ ಅಕ್ಷರಕ್ರಮ ಓದಿಸಲು ಕಳುಹಿಸಿದಾಗ, ಗದ್ದೆ ಮತ್ತು ಜೌಗಿನ ಮಾದರಿಗಳಲ್ಲಿ ಕಾಲು ಭಾಗದಷ್ಟು ಶಿಲೀಂಧ್ರದ ಡಿಎನ್‌ಎ ಆಗಿ ಹಿಂತಿರುಗಿತು. ಒಂದು ದಿಕ್ಕಿನ ಓದಿಗೆ 350 ರೂಪಾಯಿಯ ಆಸುಪಾಸು ತೆತ್ತು ಅಣಬೆಯ ಸಂಬಂಧಿಕರನ್ನು ಪತ್ತೆಹಚ್ಚುವುದು ಯಾರಿಗೂ ರುಚಿಸದು. ಜೇಕಿನ ಕುಟುಂಬಕ್ಕಾಗಿಯೇ 2003ರಲ್ಲಿ ಪ್ರಕಟವಾದ, ಇಟಿಎಸ್ ಎಂಬ ಇನ್ನೊಂದು ಭಾಗವನ್ನು ಆರಿಸಿ ನಕಲು ಮಾಡಿಸುವ ಪ್ರೈಮರ್‌ಗಳಿಗೆ ಬದಲಾದ ಮೇಲೆ ಈ ಕಾಟ ಬಹುಮಟ್ಟಿಗೆ ನಿಂತಿತು. ತುಣುಕು ಚಿಕ್ಕದಾದ್ದರಿಂದ ಮೂವತ್ತು ನಲವತ್ತು ವರ್ಷ ಹಳೆಯ ಹಾಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವೂ ಕೈಹಿಡಿದವು. ಆದರೆ ಇಟಿಎಸ್ ಒಂದನ್ನೇ ನೆಚ್ಚಬಾರದು, ಏಕೆಂದರೆ ಸೈಪರಸ್ ಮತ್ತು ಕ್ಯಾರೆಕ್ಸ್‌ಗಳಷ್ಟು ದೂರದವನ್ನು ಒಂದೇ ಸಾಲಿನಲ್ಲಿ ಜೋಡಿಸಲು ಅದು ಬಿಡುವುದಿಲ್ಲ. ಬುಡದ ಕೊಂಬೆಗಳಿಗೆ ಅಂತರಜಾಲದ ಡಿಎನ್‌ಎ ಭಂಡಾರವಾದ ಜೆನ್‌ಬ್ಯಾಂಕ್‌ನಲ್ಲಿ ಉಚಿತವಾಗಿ ಸಿಗುವ, ನಿಧಾನವಾಗಿ ಬದಲಾಗುವ ಜೀನ್‌ಗಳಾದ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ, ತುದಿಗಳಿಗೆ ನಮ್ಮ ಇಟಿಎಸ್ ಎಂದು ಹಂಚಿಕೊಂಡಾಗ ಮುಖ್ಯ ಕವಲುಗಳಿಗೆಲ್ಲ 90ರ ಮೇಲೆ ಬೂಟ್‌ಸ್ಟ್ರ್ಯಾಪ್ (ಕವಲನ್ನು ಎಷ್ಟು ನೆಚ್ಚಬಹುದು ಎಂದು ನೂರಕ್ಕೆ ಕೊಡುವ ಅಂಕ) ಬಂತು.

ವೃಕ್ಷದಲ್ಲಿ, ಹಿಂದೆ ಬೇರೆ ಕುಲಗಳೆನಿಸಿದ್ದ ಕಿಲ್ಲಿಂಗಾ, ಪಿಕ್ರಿಯಸ್, ಲಿಪೊಕಾರ್ಫಾ ಮೂರೂ ಸೈಪರಸ್‌ನ ಸಿ4 ಕವಲಿನೊಳಗೇ ಹೋಗಿ ಕೂತವು. ಇದು ಲೋಕಕ್ಕೆ ಹೊಸದಲ್ಲ, ಅವುಗಳನ್ನು ಸೈಪರಸ್‌ಗೆ ಸೇರಿಸಿ ವರ್ಷಗಳೇ ಆಗಿವೆ. ಆದರೆ ನಮ್ಮ ಗಿಡಗಳೇ ಅದನ್ನು ಹೇಳಿದ್ದರಿಂದ ವಿಧಾನದ ಮೇಲೆ ಭರವಸೆ ಬಂತು. ನೆಲೆಯ ಲೆಕ್ಕವೇ ಹೆಚ್ಚು ಸ್ವಾರಸ್ಯದ್ದು. ಸಿ4 ಎಂದರೆ ಒಣನೆಲ ಎಂದು ಹುಲ್ಲುಗಳಿಂದ ಕಲಿತ ಪಾಠ ಇಲ್ಲಿ ನಡೆಯುವುದಿಲ್ಲ: ಬಲ್ಬೊಸ್ಟೈಲಿಸ್ ಬಾರ್ಬಾಟಾ ಮರಳಿನಲ್ಲಿದ್ದರೆ, ಸೈಪರಸ್‌ನ ಸಿ4 ಕವಲಿನ ಎಷ್ಟೋ ಸದಸ್ಯರು ಕೆಸರಿನಲ್ಲಿಯೇ ಇದ್ದಾರೆ, ಆಫ್ರಿಕದ ಜೌಗಿನ ಪಪೈರಸ್ ಕೂಡ ಸಿ4. ನೀರಿಗಿಂತ ಬೆಳಕಿನ ಹೆಚ್ಚಳ ಮತ್ತು ಸಾರಜನಕದ ಕೊರತೆ ಇಲ್ಲಿ ಹೆಚ್ಚು ಕೆಲಸ ಮಾಡಿರಬೇಕು ಎಂಬ ಪಕ್ಷಕ್ಕೆ ನಾನು ಸೇರಿದವನು. ಕಾಡಿನ ನೆರಳಿನ ಹಿಪೊಲಿಟ್ರಂ ಆಗಲಿ ಶೋಲಾದ ಕ್ಯಾರೆಕ್ಸ್ ಆಗಲಿ ಸಿ4ರ ಗೊಡವೆಗೇ ಹೋಗಿಲ್ಲ.

ಇದನ್ನೇ ಪರೀಕ್ಷಿಸಲು, ಒಂದೇ ಗದ್ದೆಯಲ್ಲಿ ಕಳೆಯಾಗಿ ಬೆಳೆಯುವ ಸಿ3 ಸೈಪರಸ್ ಡಿಫಾರ್ಮಿಸ್ ಮತ್ತು ಸಿ4 ಸೈಪರಸ್ ಇರಿಯಾಗಳನ್ನು ಬಣ್ಣದ ಹಳೆಯ ಬಕೆಟ್ಟುಗಳಲ್ಲಿ ಬೆಳೆಸಿದೆ. ನಿಂತ ನೀರಿನಲ್ಲಿ ಡಿಫಾರ್ಮಿಸ್ ಆರಾಮವಾಗಿತ್ತು, ಇರಿಯಾ ಸೊರಗಿತು. ನೀರು ಬಸಿದು ಯೂರಿಯಾ ಕೊಡದೆ ಬಿಸಿಲಿಗಿಟ್ಟಾಗ ಇರಿಯಾ ಹೆಚ್ಚುಕಡಿಮೆ ಒಂದೂವರೆ ಪಟ್ಟು ಎತ್ತರವಾಯಿತು. ಬಕೆಟ್ಟುಗಳ ಸಂಖ್ಯೆ ಕಡಿಮೆಯಾದ್ದರಿಂದ ಇದನ್ನು ಪ್ರಬಂಧಕ್ಕೆ ಸೇರಿಸುತ್ತಿಲ್ಲ.

ಬ್ಲೇಡು, ರಾಸಾಯನಿಕ, ಓದು, ಬಸ್ಸಿನ ಖರ್ಚು ಎಲ್ಲ ಸೇರಿ ಒಂದೂಕಾಲು ಲಕ್ಷದ ಹತ್ತಿರವಾಯಿತು. ಅರ್ಧ ನನ್ನ ಸಂಬಳದ್ದು. ಈಗ ಕೈಯಲ್ಲಿರುವುದು ಜೌಗಿನ ಸಿ3 ರಿಂಕೊಸ್ಪೊರಾ ಕೊರಿಂಬೋಸಾ ಮತ್ತು ಬಯಲಿನ ಸಿ4 ರುಬ್ರಾ. ಒಂದೇ ಕುಲದ ಈ ಎರಡರ ನಡುವೆ ಬರುವ ಕವಲುಗಳ ಹಾಳೆಗಳು ಯಾರಲ್ಲಾದರೂ ಇದ್ದರೆ, ಉಗುರಿನಷ್ಟು ಎಲೆ ಸಿಕ್ಕರೂ ನನಗೆ ಸಾಕು.