ಎರಡು ಕಾರು, ಎರಡು ಹಾಡು: ಒಂದು ಮೊದಲ ದೃಶ್ಯವನ್ನು ನಾನು ಬಿಡಿಸಿ ನೋಡಿದ್ದು

ಎಂ.ಎ. ಓದುವಾಗ ನಮಗೊಂದು ಅಸೈನ್‌ಮೆಂಟ್ ಇತ್ತು. ಯಾವುದಾದರೂ ಸಿನಿಮಾದ ಮೊದಲ ದೃಶ್ಯ ತೆಗೆದುಕೊಂಡು ಅದನ್ನು ಹೇಗೆ ಕಟ್ಟಿದ್ದಾರೆ ಅಂತ ಬರೆಯಬೇಕು. ನಾನು ಆರಿಸಿದ್ದು ‘10 ಥಿಂಗ್ಸ್ ಐ ಹೇಟ್ ಅಬೌಟ್ ಯೂ’. 1999ರ ಅಮೆರಿಕನ್ ಸಿನಿಮಾ, ಗಿಲ್ ಜಂಗರ್ ನಿರ್ದೇಶನ, ಹೈಸ್ಕೂಲ್ ಹುಡುಗ ಹುಡುಗಿಯರ ಪ್ರೇಮದ ಕಾಮಿಡಿ. ನನಗೆ ತುಂಬಾ ಇಷ್ಟವಾದ ಸಿನಿಮಾ. ಒಂದೇ ದೃಶ್ಯವನ್ನು ಇಪ್ಪತ್ತು ಸಲ ನೋಡಬೇಕಾದ ಕೆಲಸ ಇದು, ಇಷ್ಟ ಇಲ್ಲದ ಸಿನಿಮಾ ಆದರೆ ನಾಲ್ಕನೇ ಸಲಕ್ಕೇ ಸಾಕಾಗುತ್ತದೆ.

ಮೊದಲು ಬರೆದದ್ದು ವಾಪಸ್ ಬಂತು. “ಏನಾಯ್ತು ಅಂತ ಬರೆದಿದ್ದೀಯಮ್ಮ, ಹೇಗೆ ಮಾಡಿದ್ದಾರೆ ಅಂತ ಎಲ್ಲಿದೆ?” ಅಂದರು ಮೇಡಂ. ತೆಗೆದು ನೋಡಿದರೆ ಹೌದು, ಎರಡು ಪುಟ ತುಂಬಾ ಕಥೆಯೇ ಇತ್ತು.

ಕಥೆ ಅಂದರೆ ಇಷ್ಟೇ. ಸಿಯಾಟಲ್ ನಗರ ಕಾಣುತ್ತದೆ. ಹೆಸರುಗಳು ಬಣ್ಣದ ಬಳಪದಲ್ಲಿ ಗೀಚಿದ ಹಾಗೆ ಬರುತ್ತವೆ. ಒಂದು ಕಾರಿನಲ್ಲಿ ನಾಲ್ಕು ಹುಡುಗಿಯರು ಹಾಡಿಗೆ ತಲೆ ಕುಣಿಸುತ್ತಿದ್ದಾರೆ. ಪಕ್ಕಕ್ಕೆ ಒಂದು ಹಳೇ ಕಾರು ಬಂದು ನಿಲ್ಲುತ್ತದೆ. ಅದರಲ್ಲಿ ನಾಯಕಿ ಕ್ಯಾಟ್, ಅಂದರೆ ನಟಿ ಜೂಲಿಯಾ ಸ್ಟೈಲ್ಸ್. ಅವಳ ಕಾರಿನಲ್ಲಿ ಬೇರೆ ಹಾಡು. ಅವರು ನೋಡುತ್ತಾರೆ, ಅವಳೂ ನೋಡುತ್ತಾಳೆ, ಹೊರಟುಹೋಗುತ್ತಾಳೆ. ಆಮೇಲೆ ಸ್ಕೂಲು.

ಎರಡನೇ ಸಲ ಕೂತಾಗ ಟಿವಿಯ ಸೌಂಡ್ ಪೂರ್ತಿ ತೆಗೆದುಬಿಟ್ಟೆ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಶಾಟ್ ನಂಬರ್, ಫ್ರೇಮಿನಲ್ಲಿ ಯಾರಿದ್ದಾರೆ, ಯಾರು ಯಾರನ್ನು ನೋಡುತ್ತಿದ್ದಾರೆ, ಇಷ್ಟನ್ನೇ ಬರೆದುಕೊಂಡೆ. ಪ್ರತಿ ಕಟ್‌ಗೂ, ಅಂದರೆ ಶಾಟ್ ಬದಲಾದಾಗಲೆಲ್ಲ, ಪಾಜ್ ಬಟನ್ ಒತ್ತಬೇಕು, ಬೆರಳು ನೋಯುತ್ತದೆ, ಆದರೆ ಬೇರೆ ದಾರಿಯಿಲ್ಲ. ಸೌಂಡ್ ಇಲ್ಲದೆ ನೋಡಿದಾಗ ಒಂದು ವಿಷಯ ಥಟ್ಟನೆ ಕಂಡಿತು. ಆ ಕಡೆ ನಾಲ್ವರು, ಈ ಕಡೆ ಒಬ್ಬಳೇ. ನಾಲ್ವರೂ ಒಂದೇ ತಾಳಕ್ಕೆ ತಲೆ ಆಡಿಸುತ್ತಿದ್ದಾರೆ, ಯಾರ ಮುಖವೂ ಬೇರೆಯಾಗಿ ನೆನಪಿನಲ್ಲಿ ಉಳಿಯುವುದಿಲ್ಲ, ಉಳಿಯಬಾರದು ಅಂತಲೇ ಹಾಗೆ ಕೂರಿಸಿದ್ದಾರೆ ಅಂತ ನನ್ನ ಲೆಕ್ಕ. ಕ್ಯಾಟ್ ಒಂದು ಮಾತೂ ಆಡುವುದಿಲ್ಲ. ಅವಳ ಮಾಸಿದ ಕಾರು ಆ ಕೆಲಸ ಮಾಡುತ್ತದೆ.

ಮೂರನೇ ಸುತ್ತಿನಲ್ಲಿ ಉಲ್ಟಾ ಮಾಡಿದೆ. ಸ್ಕ್ರೀನ್ ಕಡೆ ಬೆನ್ನು ಹಾಕಿ ಕೂತು, ಬರೀ ಕೇಳಿದೆ. ನನ್ನ ದೊಡ್ಡ ತಪ್ಪು ಸಿಕ್ಕಿದ್ದು ಅಲ್ಲೇ. ಮೊದಲ ಹಾಡು ಬೇರ್‌ನೇಕೆಡ್ ಲೇಡೀಸ್ ತಂಡದ ‘ಒನ್ ವೀಕ್’. ಅದನ್ನು ನಾನು ಸುಮ್ನೆ ‘ಹಿನ್ನೆಲೆ ಸಂಗೀತ’ ಅಂತ ಬರೆದಿದ್ದೆ. ಟೈಟಲ್ ಮೇಲೆ ಬರುವಾಗ ಅದು ಹಿನ್ನೆಲೆ ಸಂಗೀತದ ಹಾಗೇ ಇರುತ್ತದೆ, ನಮಗೆ ಮಾತ್ರ ಕೇಳುವ ಹಾಡು. ಕಾರು ಬಂದ ಕೂಡಲೇ ಅದೇ ಹಾಡು ಆ ಹುಡುಗಿಯರ ಕಾರಿನದ್ದಾಗುತ್ತದೆ, ಅವರಿಗೂ ಕೇಳುತ್ತಿದೆ. ಪಾತ್ರಗಳ ಲೋಕದೊಳಗಿನ ಇಂಥ ಸದ್ದಿಗೆ ಕ್ಲಾಸಿನಲ್ಲಿ ಡೈಜೆಟಿಕ್ ಅನ್ನುತ್ತಿದ್ದರು. ಪದ ಗೊತ್ತಿತ್ತು, ಏನು ಉಪಯೋಗ ಅಂತ ಗೊತ್ತಿರಲಿಲ್ಲ. ಉಪಯೋಗ ಇದು: ಹಾಡು ಕಾರಿನೊಳಗೆ ಇದ್ದರೆ ತಾನೇ ಪಕ್ಕದ ಕಾರು ಅದನ್ನು ಮುಳುಗಿಸಲು ಸಾಧ್ಯ? ಕ್ಯಾಟ್ ಬರುತ್ತಾಳೆ, ಜೋನ್ ಜೆಟ್ ಹಾಡಿದ ‘ಬ್ಯಾಡ್ ರೆಪ್ಯುಟೇಶನ್’ ಜೋರಾಗಿ ಬರುತ್ತದೆ, ಆ ಪಾಪ್ ಹಾಡು ಅಲ್ಲೇ ಮುಚ್ಚಿಹೋಗುತ್ತದೆ. ಮುಖ ಸರಿಯಾಗಿ ನೋಡುವ ಮೊದಲೇ ನಾಯಕಿ ಗೆದ್ದಾಗಿದೆ.

ಹಾಡುಗಳ ವಯಸ್ಸನ್ನೂ ನೋಡಿದೆ. ‘ಒನ್ ವೀಕ್’ 1998ರ ಹಿಟ್, ಸಿನಿಮಾ ಬಂದಾಗ ಎಲ್ಲರ ಬಾಯಲ್ಲಿದ್ದ ಹಾಡು. ಜೋನ್ ಜೆಟ್ ಹಾಡು 80ರ ದಶಕದ ಶುರುವಿನದು, ಹೆಚ್ಚುಕಡಿಮೆ ಕ್ಯಾಟ್‌ನಷ್ಟೇ ವಯಸ್ಸು ಅದಕ್ಕೆ. ಕಾರೂ ಹಳೇದು, ಹಾಡೂ ಹಳೇದು. ಹೆಸರೇ ‘ಕೆಟ್ಟ ಹೆಸರು’. ಸ್ಕೂಲಿನಲ್ಲಿ ಅವಳ ಬಗ್ಗೆ ಏನು ಮಾತಿದೆ ಅನ್ನುವುದು ನಮಗೆ ಆಮೇಲೆ ಗೊತ್ತಾಗುತ್ತದೆ, ಹಾಡು ಅದನ್ನು ಮುಂಚೆಯೇ ಹೇಳಿಬಿಟ್ಟಿದೆ.

ಸ್ಕೂಲಿನ ಬಗ್ಗೆ ಜಾಸ್ತಿ ಬರೆಯಲಿಲ್ಲ. ಆದರೆ ಕಟ್ಟಡ ನೋಡಿ ಕುತೂಹಲವಾಗಿತ್ತು, ಸ್ಕೂಲು ಅನ್ನುವುದಕ್ಕಿಂತ ಕೋಟೆಯ ಹಾಗಿದೆ. ಅದು ಟಕೋಮಾ ಊರಿನ ಸ್ಟೇಡಿಯಂ ಹೈಸ್ಕೂಲ್. 1891ರಲ್ಲಿ ಹೋಟೆಲ್ ಅಂತ ಕಟ್ಟಲು ಶುರು ಮಾಡಿದ್ದು, 1906ರಲ್ಲಿ ಸ್ಕೂಲಾಯಿತು. ಸಿನಿಮಾದಲ್ಲಿ ಅದರ ಹೆಸರು ಪಡುವಾ. ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕ ನಡೆಯುವ ಊರು ಪಡುವಾ, ಈ ಕಥೆ ಬಂದದ್ದೂ ಅಲ್ಲಿಂದಲೇ. ಕ್ಯಾಟ್ ಅಲ್ಲಿನ ಕ್ಯಾಥರೀನಾ. ನಮಗೂ ಅವಳು ಹೊಸಬಳಲ್ಲ. ಅದೇ ನಾಟಕವನ್ನು ಪರ್ವತವಾಣಿ ಅವರು ‘ಬಹದ್ದೂರ್ ಗಂಡ’ ಅಂತ ಕನ್ನಡಕ್ಕೆ ತಂದರು, ಅದರಿಂದ 1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂತು. ಮಾಲಾಶ್ರೀ ಅವರ ಆ ಜಗಳಗಂಟಿ ಹುಡುಗಿಯನ್ನು ಟಿವಿಯಲ್ಲಿ ನೋಡುತ್ತಾ ಬೆಳೆದವಳು ನಾನು. ಕ್ಯಾಟ್ ಮೊದಲ ನೋಟಕ್ಕೇ ನನಗೆ ಹತ್ತಿರವಾದದ್ದು ಅದಕ್ಕೇ ಇರಬೇಕು. ಮನೆಗೆ ಫೋನ್ ಮಾಡಿ ಅಮ್ಮನಿಗೆ ಇದನ್ನು ಹೇಳಿದರೆ “ಹೌದೇನೇ, ನಮ್ಮ ಮಾಲಾಶ್ರೀ ಕಥೆನಾ?” ಅಂತ ಅವರಿಗೆ ನನಗಿಂತ ಖುಷಿ.

ಸ್ಕೂಲಿಗೆ ಬಂದವಳು ಪ್ರಾಮ್‌ನ, ಅಂದರೆ ಅಲ್ಲಿನ ಹೈಸ್ಕೂಲುಗಳ ದೊಡ್ಡ ಡ್ಯಾನ್ಸ್ ಪಾರ್ಟಿಯ, ಪೋಸ್ಟರ್ ಕಿತ್ತುಹಾಕುತ್ತಾಳೆ. ಅಲ್ಲೂ ಮಾತಿಲ್ಲ. ಕಾರು, ಹಾಡು, ಈಗ ಒಂದು ಪೋಸ್ಟರ್. ನನ್ನ ವಿಶ್ಲೇಷಣೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಕೊಡುವ ಹಿಂದಿನ ರಾತ್ರಿ ಇನ್ನೊಂದು ಸಲ ನೋಡಿದೆ. ಆಗ ಹೊಳೆದದ್ದು, ಎರಡೂ ಕಾರು ನಿಂತಿವೆ. ಓಡುತ್ತಿದ್ದರೆ ಒಂದು ಇನ್ನೊಂದನ್ನು ದಾಟಿ ಹೋಗುತ್ತಿತ್ತು ಅಷ್ಟೇ, ಹಾಡಿಗೆ ಹಾಡು ತಾಗುತ್ತಿರಲಿಲ್ಲ, ಅವರು ಇವಳನ್ನು ನೋಡಲು ಸಮಯವೂ ಇರುತ್ತಿರಲಿಲ್ಲ. ನಿಂತದ್ದರಿಂದಲೇ ಆ ನೋಟ ಹುಟ್ಟಿತು. ಮೊದಲು ಹೊರಡುವುದೂ ಕ್ಯಾಟ್, ಅವರಲ್ಲ. ನನ್ನ ಹಳೇ ಶುರುವಿನ ಪ್ಯಾರಾ ಹೊಡೆದುಹಾಕಿ, ‘ಎರಡು ಕಾರುಗಳು ಅಕ್ಕಪಕ್ಕ ನಿಂತಿವೆ’ ಅಂತ ಬರೆದು ಅಲ್ಲಿಂದ ಶುರು ಮಾಡಿದೆ.