ಮುಟ್ಟುವ ಮೊದಲು ಹೇಳಿ: ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಕೆಲಸ

ಅಕ್ಕನ ಮಗಳು ಕಳೆದ ತಿಂಗಳು ಮೈಸೂರಿನಿಂದ ಫೋನ್ ಮಾಡಿ, "ಚಿಕ್ಕಮ್ಮ, ಮದುವೆಯಾಗಿ ಅಲ್ಲಿಗೆ ಬಂದ ಮೇಲೆ ನಾನೂ ನಿಮ್ಮ ಕೆಲಸ ಕಲಿಯಬಹುದೇ?" ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಬರೆದು ಕಳಿಸುತ್ತೇನೆ ಎಂದೆ. ಅವಳಿಗೆ ಬರೆದದ್ದನ್ನೇ ಸ್ವಲ್ಪ ವಿಸ್ತರಿಸಿ, ಇದೇ ಪ್ರಶ್ನೆ ಇರುವ ಎಲ್ಲರಿಗಾಗಿ ಇಲ್ಲಿ ಇಡುತ್ತಿದ್ದೇನೆ. ನಾನು ಹನ್ನೊಂದು ವರ್ಷಗಳಿಂದ ಅಮೆರಿಕ ಸರ್ಕಾರದ ವೆಟರನ್ಸ್ ಅಫೇರ್ಸ್ ಇಲಾಖೆಯ ಆಸ್ಪತ್ರೆಯೊಂದರಲ್ಲಿ ಅಲ್ಟ್ರಾಸೌಂಡ್ ತಂತ್ರಜ್ಞೆ. ಎಲ್ಲರೂ ಆ ಇಲಾಖೆಯನ್ನು ವಿಎ ಎನ್ನುತ್ತಾರೆ.

ನಮ್ಮ ಊರಿನವರಿಗೆ ಈ ಕೆಲಸವನ್ನು ವಿವರಿಸುವುದು ಸುಲಭವಲ್ಲ. ಭಾರತದಲ್ಲಿ ಪ್ರೋಬ್, ಅಂದರೆ ಚಿತ್ರಕ್ಕಾಗಿ ಮೈಮೇಲೆ ಒತ್ತಿ ಆಡಿಸುವ ಉಪಕರಣವನ್ನು ಹಿಡಿಯುವವರು ವೈದ್ಯರೇ. ಭ್ರೂಣಲಿಂಗ ಪತ್ತೆಯನ್ನು ತಡೆಯಲು ಬಂದ 1994ರ ಕಾಯ್ದೆಯ ನಂತರ ಯಂತ್ರಕ್ಕೂ ಅದನ್ನು ಬಳಸುವವರಿಗೂ ಬಿಗಿಯಾದ ನಿಯಮಗಳಿವೆ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಚಿತ್ರ ತೆಗೆಯುವವರು ಸೋನೋಗ್ರಾಫರ್, ಆ ಚಿತ್ರವನ್ನು ಓದಿ ವರದಿ ಬರೆಯುವವರು ರೇಡಿಯಾಲಜಿಸ್ಟ್. ಎಕ್ಸ್‌ರೇಯಲ್ಲಿ ಒಂದು ಸಲ ಗುಂಡಿ ಒತ್ತಿದರೆ ಚಿತ್ರ ಬರುತ್ತದೆ. ಅಲ್ಟ್ರಾಸೌಂಡಿನಲ್ಲಿ ನೀವು ಹುಡುಕಿ ತೋರಿಸಿದ್ದನ್ನಷ್ಟೇ ವೈದ್ಯರು ನೋಡಬಲ್ಲರು. ನೀವು ಬಿಟ್ಟದ್ದು ಅವರ ಪಾಲಿಗೂ ಇಲ್ಲ. ಈ ಭಾರವನ್ನು ಹೊರಲು ಮನಸ್ಸಿದ್ದರೆ ಮುಂದೆ ಓದಿ.

ಓದು ಮತ್ತು ಅರ್ಜಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೈಸೂರಿನ ನನ್ನ ಬಿ.ಎಸ್ಸಿ. ಪದವಿಯನ್ನು ಇಲ್ಲಿಯ ಲೆಕ್ಕಕ್ಕೆ ಮೌಲ್ಯಮಾಪನ ಮಾಡಿಸಿ, ಹತ್ತಿರದ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷದ ಸೋನೋಗ್ರಫಿ ಕೋರ್ಸಿಗೆ ಸೇರಿದೆ. ಕೋರ್ಸನ್ನು ಆರಿಸುವಾಗ ಅದಕ್ಕೆ ಸಿಎಎಎಚ್‌ಇಪಿ ಎಂಬ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. ಮಾನ್ಯತೆ ಇಲ್ಲದ ಕಡೆ ಶುಲ್ಕ ಕಟ್ಟಿದ ಗೆಳತಿಯೊಬ್ಬಳು ಪರೀಕ್ಷೆಗೆ ಕೂರಲು ವರ್ಷಗಟ್ಟಲೆ ಅಲೆದಳು. ಕೋರ್ಸಿನ ನಂತರ ಎಆರ್‌ಡಿಎಂಎಸ್ ಎಂಬ ಸಂಸ್ಥೆಯ ಎರಡು ಪರೀಕ್ಷೆಗಳಿರುತ್ತವೆ. ಒಂದು ಶಬ್ದತರಂಗದ ಭೌತಶಾಸ್ತ್ರ ಮತ್ತು ಯಂತ್ರದ ಬಗ್ಗೆ, ಇನ್ನೊಂದು ನೀವು ಆರಿಸಿದ ವಿಭಾಗದ ಬಗ್ಗೆ. ಎರಡನ್ನೂ ಐದು ವರ್ಷದೊಳಗೆ ಪಾಸಾಗಬೇಕು. ಪಾಸಾದ ಮೇಲೂ ಮೂರು ವರ್ಷಕ್ಕೊಮ್ಮೆ ಮೂವತ್ತು ಗಂಟೆಗಳಷ್ಟು ಕಲಿಕೆಯ ದಾಖಲೆ ತೋರಿಸುತ್ತಿರಬೇಕು. ಮಾಜಿ ಸೈನಿಕರ ನಡುವೆ ಕೆಲಸ ಮಾಡುವ ಆಸೆಯಿದ್ದರೆ ಹೊಟ್ಟೆಯ ವಿಭಾಗದ ಜೊತೆಗೆ ರಕ್ತನಾಳಗಳ ಪರೀಕ್ಷೆಯನ್ನೂ ಬರೆಯಿರಿ. ಇಲ್ಲಿ ಹೆರಿಗೆಯ ಸ್ಕ್ಯಾನ್ ಅಪರೂಪ. ಕುತ್ತಿಗೆ, ಹೊಟ್ಟೆ, ಕಾಲುಗಳ ರಕ್ತನಾಳಗಳೇ ದಿನದ ಅರ್ಧ.

ಹುದ್ದೆಗಳು ಯುಎಸ್ಎ ಜಾಬ್ಸ್ ಎಂಬ ಸರ್ಕಾರಿ ತಾಣದಲ್ಲಿ ಪ್ರಕಟವಾಗುತ್ತವೆ. ಮೆಡಿಕಲ್ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಎಂಬ ಹೆಸರಿನಡಿಯಲ್ಲೂ ಹುಡುಕಿ. ಬರೀ ಸೋನೋಗ್ರಾಫರ್ ಎಂದು ಹುಡುಕಿದರೆ ಕೆಲವು ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಪೌರತ್ವ ಮುಖ್ಯ ಶರತ್ತು. ಅರ್ಹ ಪೌರರು ಸಿಗದಿದ್ದಾಗ ಮಾತ್ರ ಇತರರನ್ನು ಪರಿಗಣಿಸುತ್ತಾರೆ. ನಾನು ಪೌರತ್ವ ಬರುವವರೆಗೆ ಖಾಸಗಿ ಆಸ್ಪತ್ರೆಯಲ್ಲಿ ದುಡಿದೆ, ಆ ಅನುಭವ ವ್ಯರ್ಥವಾಗಲಿಲ್ಲ. ಹಿಂದಿನ ಪ್ರತಿ ಕೆಲಸದಲ್ಲೂ ವಾರಕ್ಕೆ ಎಷ್ಟು ಗಂಟೆ ದುಡಿದಿರಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದನ್ನು ಅರ್ಜಿಯಲ್ಲಿ ತಪ್ಪದೆ ಬರೆಯಿರಿ. ಬೆರಳಚ್ಚು, ಹಿನ್ನೆಲೆ ಪರಿಶೀಲನೆ ಎಲ್ಲ ಮುಗಿಯಲು ತಿಂಗಳುಗಳು ಹಿಡಿಯುತ್ತವೆ. ಕೈಯಲ್ಲಿರುವ ಕೆಲಸಕ್ಕೆ ಅವಸರಪಟ್ಟು ರಾಜೀನಾಮೆ ಕೊಡಬೇಡಿ.

ಕೋಣೆಯೊಳಗೆ

ನನ್ನ ಸೋದರಮಾವ ಸೇನೆಯಲ್ಲಿದ್ದವರು, 1971ರ ಯುದ್ಧವನ್ನು ಕಂಡವರು. ರಜೆಗೆ ಕುಶಾಲನಗರದ ಮನೆಗೆ ಬಂದಾಗ ಮಧ್ಯಾಹ್ನ ಜಗಲಿಯ ಮೇಲೆ ಮಲಗುತ್ತಿದ್ದರು. ಅವರನ್ನು ಎಬ್ಬಿಸಬೇಕಾದರೆ ಅಜ್ಜಿ ಹೊಸ್ತಿಲಲ್ಲೇ ನಿಂತು ಹೆಸರು ಹಿಡಿದು ಕೂಗುತ್ತಿದ್ದರು. ಮಕ್ಕಳಾದ ನಾವು ಯಾರೂ ಮಾವನ ಮೈ ಮುಟ್ಟಿ ಎಬ್ಬಿಸಕೂಡದು ಎಂಬುದು ಮನೆಯ ಕಟ್ಟಪ್ಪಣೆಯಾಗಿತ್ತು. ಕಾರಣವನ್ನು ಯಾರೂ ಹೇಳಲಿಲ್ಲ. ಅದು ನನಗೆ ಅರ್ಥವಾದದ್ದು ಇಲ್ಲಿ, ಈ ಕತ್ತಲೆ ಕೋಣೆಯಲ್ಲಿ.

ಸ್ಕ್ಯಾನ್ ಎಂದರೆ ಏನೆಂದು ರೋಗಿಯ ಕಡೆಯಿಂದ ಯೋಚಿಸಿ ನೋಡಿ. ದೀಪ ಆರಿಸುತ್ತಾರೆ, ಅಂಗಿ ಎತ್ತಿಸುತ್ತಾರೆ, ಅಪರಿಚಿತರೊಬ್ಬರು ಪಕ್ಕದಲ್ಲಿ ನಿಂತು ತಣ್ಣಗಿನದೇನನ್ನೋ ಹಚ್ಚಿ ಒತ್ತುತ್ತಾರೆ. ಯುದ್ಧದ ನೆನಪು ಮೈಯಲ್ಲೇ ಉಳಿದಿರುವವರಿಗೆ ಇದು ಚಿಕ್ಕ ಸಂಗತಿಯಲ್ಲ. ಆದ್ದರಿಂದ ನಾನು ಮೊದಲು ಮಂಚವನ್ನು ಬಾಗಿಲು ಕಾಣುವಂತೆ ತಿರುಗಿಸುತ್ತೇನೆ. "ದೀಪ ಕಡಿಮೆ ಮಾಡಲೇ?" ಎಂದು ಕೇಳುತ್ತೇನೆ. ಬೇಡವೆಂದರೆ ಹಿಂದಿನ ಮೂಲೆಯ ದೀಪವನ್ನು ಉರಿಯಲು ಬಿಟ್ಟು, ಪರದೆಯ ಹೊಳಪನ್ನು ಹೊಂದಿಸಿಕೊಳ್ಳುತ್ತೇನೆ. ಜೆಲ್ಲನ್ನು ಬೆಚ್ಚಗಿಟ್ಟಿರುತ್ತೇನೆ ಮತ್ತು ನೇರವಾಗಿ ಹೊಟ್ಟೆಯ ಮೇಲೆ ಸುರಿಯದೆ ಪ್ರೋಬಿನ ತುದಿಗೆ ಹಾಕಿಕೊಳ್ಳುತ್ತೇನೆ. ಪ್ರತಿ ಸಲ ಜಾಗ ಬದಲಿಸುವಾಗಲೂ ಬಾಯಿಬಿಟ್ಟು ಹೇಳುತ್ತೇನೆ: ಈಗ ಪಕ್ಕೆಲುಬಿನ ಕೆಳಗೆ ಬರುತ್ತೇನೆ, ಈಗ ಸ್ವಲ್ಪ ಒತ್ತುತ್ತೇನೆ. ಇದಕ್ಕೆ ತಗಲುವ ಹೆಚ್ಚಿನ ಸಮಯ ಎರಡು ನಿಮಿಷವೂ ಇಲ್ಲ. ಬಿಗಿಹಿಡಿದ ಹೊಟ್ಟೆಯೊಳಗೆ ಏನೂ ಕಾಣುವುದಿಲ್ಲ, ಸಡಿಲವಾದ ಹೊಟ್ಟೆಯಲ್ಲಿ ಎಲ್ಲ ಕಾಣುತ್ತದೆ. ಹಾಗಾಗಿ ಇದನ್ನು ಬರಿಯ ಸೌಜನ್ಯ ಎಂದುಕೊಳ್ಳಬೇಡಿ. ಚಿತ್ರದ ಗುಣಮಟ್ಟ ನಿಂತಿರುವುದೇ ಇದರ ಮೇಲೆ.

ಇನ್ನೊಂದು ಮಾತು ಕಿವಿಯದು. ಮಾಜಿ ಸೈನಿಕರಲ್ಲಿ ಕಿವಿಯ ಮೊರೆತ, ಕಿವಿ ಮಂದವಾಗುವುದು ತುಂಬ ಸಾಮಾನ್ಯ. ತೋಪು, ಹೆಲಿಕಾಪ್ಟರ್, ಹಡಗಿನ ಎಂಜಿನ್ ಕೋಣೆ ಇವುಗಳ ನಡುವೆ ವರ್ಷಗಳನ್ನು ಕಳೆದವರು ಅವರು. ನಮಗೋ ಹೆಜ್ಜೆ ಹೆಜ್ಜೆಗೂ "ಉಸಿರು ಎಳೆದುಕೊಳ್ಳಿ, ಹಿಡಿಯಿರಿ, ಬಿಡಿ" ಎನ್ನಬೇಕು. ಆಗ ನಮ್ಮ ಮುಖ ಪರದೆಯ ಕಡೆಗಿರುವುದರಿಂದ ಅವರು ತುಟಿ ನೋಡಿ ಅರ್ಥ ಮಾಡಿಕೊಳ್ಳಲೂ ಆಗುವುದಿಲ್ಲ. ಮೊದಲ ವರ್ಷ ನಾನು ಸುಮ್ಮನೆ ದನಿ ಏರಿಸುತ್ತಿದ್ದೆ. ಒಂದು ದಿನ ಎಪ್ಪತ್ತು ದಾಟಿದ ಹಿರಿಯರೊಬ್ಬರು, "ಕೂಗಬೇಡಮ್ಮ, ಕೈ ತೋರಿಸು ಸಾಕು" ಎಂಬ ಅರ್ಥದ ಮಾತನ್ನು ಮೆಲ್ಲಗೆ ಹೇಳಿದರು. ಅಂದಿನಿಂದ ಶುರುಮಾಡುವ ಮುಂಚೆಯೇ ಸಂಕೇತವನ್ನು ಗೊತ್ತುಮಾಡಿಕೊಳ್ಳುತ್ತೇನೆ. ಎಡಗೈ ಎತ್ತಿದರೆ ಉಸಿರು ಹಿಡಿಯುವುದು, ಇಳಿಸಿದರೆ ಬಿಡುವುದು. ಶ್ವಾಸಕೋಶ ಸೋತವರಿಗೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಹಿಡಿಯಲು ಆಗುವುದಿಲ್ಲ. ಅಂಥವರನ್ನು ಪೀಡಿಸಬೇಡಿ. ಅವರು ಸಹಜವಾಗಿ ಉಸಿರಾಡುತ್ತಿರಲಿ, ನೀವು ಚಿತ್ರವನ್ನು ನಿಲ್ಲಿಸಿ, ಯಂತ್ರದ ನೆನಪಿನಲ್ಲಿರುವ ಹಿಂದಿನ ಚೌಕಟ್ಟುಗಳನ್ನು ಒಂದೊಂದಾಗಿ ಸರಿಸಿ, ಅಲುಗದೆ ಬಂದಿರುವುದನ್ನು ಆರಿಸಿಕೊಳ್ಳಿ.

ಮಹಾಪಧಮನಿಯನ್ನು ಅಳೆಯುವುದು

ಅಮೆರಿಕದ ಸೈನಿಕರ ಊಟದ ಪೊಟ್ಟಣದಲ್ಲಿ 1975ರವರೆಗೆ ಸಿಗರೇಟನ್ನೂ ಇಡುತ್ತಿದ್ದರು. ಹದಿನೆಂಟರ ಹರೆಯದಲ್ಲಿ ಪುಕ್ಕಟೆ ಸಿಕ್ಕ ಆ ಚಟ ಅನೇಕರನ್ನು ಜೀವನವಿಡೀ ಬಿಡಲಿಲ್ಲ. ಹೃದಯದಿಂದ ರಕ್ತವನ್ನು ಕೆಳಗೆ ಒಯ್ಯುವ ದೊಡ್ಡ ನಾಳವಾದ ಮಹಾಪಧಮನಿ ಹೊಟ್ಟೆಯ ಭಾಗದಲ್ಲಿ ಉಬ್ಬಿಕೊಳ್ಳಲು ಧೂಮಪಾನವೇ ದೊಡ್ಡ ಕಾರಣ. ಆದ್ದರಿಂದ 65ರಿಂದ 75 ವರ್ಷದೊಳಗಿನ, ಒಂದು ಕಾಲಕ್ಕಾದರೂ ಸಿಗರೇಟು ಸೇದಿದ ಗಂಡಸರಿಗೆ ಒಮ್ಮೆ ಅಲ್ಟ್ರಾಸೌಂಡ್ ಮಾಡಬೇಕೆಂಬುದು ಇಲ್ಲಿಯ ಶಿಫಾರಸು. ನನ್ನ ಪಟ್ಟಿಯಲ್ಲಿ ಈ ಸ್ಕ್ಯಾನ್ ಇಲ್ಲದ ದಿನವಿಲ್ಲ.

ಎದೆಮೂಳೆಯ ತುದಿಯ ಕೆಳಗೆ ಪ್ರೋಬನ್ನು ಅಡ್ಡಲಾಗಿ ಇಡಿ. ಮೊದಲು ಬೆನ್ನುಮೂಳೆಯ ಬಿಳಿ ಕಮಾನನ್ನು, ಅದರ ಹಿಂದಿನ ಕಪ್ಪು ನೆರಳನ್ನು ಹುಡುಕಿ. ಕಮಾನಿನ ಮೇಲೆ, ರೋಗಿಯ ಎಡಭಾಗಕ್ಕೆ ಮಿಡಿಯುವ ದುಂಡನೆಯ ಕಪ್ಪು ಬಿಲ್ಲೆಯೇ ಮಹಾಪಧಮನಿ. ಬಲಕ್ಕಿರುವ, ಒತ್ತಿದರೆ ಚಪ್ಪಟೆಯಾಗುವ ನಾಳ ಮಹಾಭಿಧಮನಿ. ಅಲ್ಲಿಂದ ಹೊಕ್ಕುಳಿನವರೆಗೆ, ಮಹಾಪಧಮನಿ ಎರಡಾಗಿ ಕವಲೊಡೆಯುವ ತನಕ ನಿಧಾನವಾಗಿ ಜಾರಿಸಿ. ಕರುಳಿನ ಗಾಳಿ ಅಡ್ಡಬಂದರೆ ರಭಸದಿಂದ ಒತ್ತಬೇಡಿ. ಅವರು ಉಸಿರು ಬಿಟ್ಟಾಗಲೆಲ್ಲ ಒಂದಿಷ್ಟು ಒತ್ತುತ್ತ, ಒತ್ತಿದ್ದನ್ನು ಹಿಡಿದುಕೊಂಡಿದ್ದರೆ ಗಾಳಿ ತಾನೇ ಸರಿಯುತ್ತದೆ. ಆಗಲೂ ಕಾಣದಿದ್ದರೆ ಮಗ್ಗುಲಾಗಿ ಮಲಗಿಸಿ ಪಕ್ಕದಿಂದ ನೋಡಿ.

ಅಳೆಯುವುದು ಹೊರಗೋಡೆಯಿಂದ ಹೊರಗೋಡೆಗೆ, ನಾಳದ ಓಟಕ್ಕೆ ಲಂಬವಾಗಿ. ವಯಸ್ಸಾದವರಲ್ಲಿ ಈ ನಾಳ ಹಾವಿನಂತೆ ಬಳುಕಿರುತ್ತದೆ. ಓರೆಯಾಗಿ ಕತ್ತರಿಸಿದ ಸೌತೆಕಾಯಿಯ ಬಿಲ್ಲೆ ಉದ್ದವಾಗುವಂತೆ ಇಲ್ಲಿಯೂ ಅಳತೆ ಸುಳ್ಳಾಗಿ ಹೆಚ್ಚುತ್ತದೆ. ಇದಕ್ಕಿಂತ ಅಪಾಯದ ತಪ್ಪನ್ನು ವಿದ್ಯಾರ್ಥಿಯಾಗಿದ್ದಾಗ ನಾನೇ ಮಾಡಿದ್ದೇನೆ. ಕಪ್ಪಾಗಿ ಕಂಡ ಭಾಗವನ್ನಷ್ಟೇ ಅಳೆದು 2.8 ಸೆಂಟಿಮೀಟರ್ ಎಂದು ಬರೆದೆ. ಕಲಿಸುತ್ತಿದ್ದ ಹಿರಿಯ ತಂತ್ರಜ್ಞೆ ಮಾತಿಲ್ಲದೆ ಚಿತ್ರದ ಹೊಳಪನ್ನು ಹೆಚ್ಚಿಸುವ ಗೇನ್ ಗುಂಡಿಯನ್ನು ತಿರುಗಿಸಿದರು. ಕಪ್ಪಿನ ಸುತ್ತ ಬೂದು ಬಣ್ಣದ ದಪ್ಪ ಉಂಗುರವೊಂದು ಎದ್ದು ಬಂತು. ಅದು ಗೋಡೆಗೆ ಅಂಟಿ ಹೆಪ್ಪುಗಟ್ಟಿದ ರಕ್ತ. ಅದನ್ನೂ ಸೇರಿಸಿ ಅಳೆದಾಗ 4.2. ಮೂರು ಸೆಂಟಿಮೀಟರ್ ಮುಟ್ಟಿದರೆ ಅದನ್ನು ಅನ್ಯೂರಿಸಮ್, ಅಂದರೆ ಒಡೆಯಬಹುದಾದ ಉಬ್ಬು ಎನ್ನುತ್ತಾರೆ. ಗಂಡಸರಲ್ಲಿ 5.5 ತಲುಪಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ನನ್ನ 2.8ನ್ನು ಯಾರೂ ತಿದ್ದದಿದ್ದರೆ ಆ ಮನುಷ್ಯ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು ಮತ್ತು ಯಾರೂ ಮತ್ತೆ ನೋಡುತ್ತಿರಲಿಲ್ಲ. ಇವತ್ತಿಗೂ ಪ್ರತಿ ಮಹಾಪಧಮನಿಯ ಮೇಲೆ ಆ ಗುಂಡಿಯನ್ನು ಒಮ್ಮೆ ತಿರುಗಿಸಿ ನೋಡದೆ ನಾನು ಮುಂದೆ ಹೋಗುವುದಿಲ್ಲ.

ಇಲ್ಲಿಯ ರೋಗಿಗಳ ಇತಿಹಾಸ ಗೊತ್ತಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಾಗುತ್ತದೆ. ವಿಯೆಟ್ನಾಂ ಯುದ್ಧಕಾಲದವರಲ್ಲಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ವೈರಸ್ ವ್ಯಾಪಕವಾಗಿತ್ತು. ಹೊಸ ಮಾತ್ರೆಗಳು ಬಂದ ಮೇಲೆ ವಿಎ ಲಕ್ಷಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಕೊಟ್ಟಿದೆ. ವೈರಸ್ ಹೋದರೂ ಗಡುಸಾದ ಯಕೃತ್ತಿನಲ್ಲಿ ಕ್ಯಾನ್ಸರ್ ಹುಟ್ಟುವ ಭಯ ಉಳಿದೇ ಇರುತ್ತದೆ. ಅದಕ್ಕಾಗಿ ಆರು ತಿಂಗಳಿಗೊಮ್ಮೆ ಅವರು ನಮ್ಮ ಬಳಿ ಬರುತ್ತಾರೆ. ಹಿಂದಿನ ಚಿತ್ರಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಶುರುಮಾಡಿ. ಆ ಯುದ್ಧದಲ್ಲಿ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಕಳೆನಾಶಕಕ್ಕೆ ಒಡ್ಡಿಕೊಂಡವರಿಗೆ ಬರುವ ಮೂತ್ರಕೋಶದ ಕ್ಯಾನ್ಸರನ್ನು 2021ರಲ್ಲಿ ಸೇವೆಗೆ ಸಂಬಂಧಿಸಿದ ಕಾಯಿಲೆಗಳ ಪಟ್ಟಿಗೆ ಸೇರಿಸಲಾಯಿತು. ಮೂತ್ರಪಿಂಡದ ಸ್ಕ್ಯಾನಿಗೆ ಬಂದವರ ಮೂತ್ರಕೋಶದ ಗೋಡೆಯನ್ನೂ ನಾಲ್ಕು ಕಡೆಯಿಂದ ನೋಡಿ.

ಬೆನ್ನುಹುರಿಗೆ ಪೆಟ್ಟಾದವರ ಬಗ್ಗೆ ವಿಶೇಷ ಎಚ್ಚರ ಬೇಕು. ಪೆಟ್ಟು ಎದೆಭಾಗದ ಆರನೆಯ ಕಶೇರುಕದ (ಬೆನ್ನುಮೂಳೆಯ ಮಣಿಯ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ, ತುಂಬಿದ ಮೂತ್ರಕೋಶವೊಂದೇ ರಕ್ತದೊತ್ತಡವನ್ನು ಪ್ರಾಣಾಪಾಯದ ಮಟ್ಟಕ್ಕೆ ಏರಿಸಬಲ್ಲದು. ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ ಎಂದರೆ, ಮುಖ ಕೆಂಪಾಗಿ ಬೆವರಿದರೆ ಸ್ಕ್ಯಾನ್ ಕೂಡಲೇ ನಿಲ್ಲಿಸಿ. ಎಬ್ಬಿಸಿ ಕೂರಿಸಿ, ನರ್ಸನ್ನು ಕರೆಯಿರಿ. ಇಂಥವರನ್ನು ಗಾಲಿಕುರ್ಚಿಯಿಂದ ಮಂಚಕ್ಕೆ ನೀವೇ ಎತ್ತಲು ಹೋಗಬೇಡಿ, ಎತ್ತುವ ಯಂತ್ರಕ್ಕೆ ಕಾಯಿರಿ.

ಮಹಿಳಾ ಸೈನಿಕರು ಈಗ ಹೆಚ್ಚು ಬರುತ್ತಿದ್ದಾರೆ. ಸೇವೆಯಲ್ಲಿದ್ದಾಗಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಅವರಲ್ಲಿದ್ದಾರೆ. ಯೋನಿಯೊಳಗೆ ಸೇರಿಸುವ ಪ್ರೋಬ್ ಬೇಕಾದ ಸ್ಕ್ಯಾನಿನಲ್ಲಿ, ಜೊತೆಗೆ ಯಾರಾದರೂ ಇರಬೇಕೇ ಎಂದು ಕೇಳಿ, ಪ್ರೋಬನ್ನು ಅವರೇ ಸೇರಿಸಿಕೊಳ್ಳಬಹುದು ಎಂದು ತಿಳಿಸಿ, ಬೇಡವೆಂದ ಕ್ಷಣವೇ ನಿಲ್ಲಿಸಿ. ಬೇಡವೆಂದದ್ದಕ್ಕೆ ಕಾರಣ ಕೇಳಬೇಡಿ.

ಮಾತು ಮತ್ತು ಮೌನ

ರೋಗಿಗಳು ಪರದೆಯನ್ನು ನೋಡುವುದಿಲ್ಲ, ನಿಮ್ಮ ಮುಖವನ್ನು ನೋಡುತ್ತಾರೆ. ಯಕೃತ್ತಿನಲ್ಲಿ ಗಡ್ಡೆ ಕಂಡ ಕೂಡಲೇ ನಿಮ್ಮ ಮಾತು ನಿಂತರೆ ಅವರಿಗೆ ಎಲ್ಲವೂ ತಿಳಿದುಹೋಗುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅಳತೆ ತೆಗೆಯುವಾಗ ನಾನು ಮೌನವಾಗುತ್ತೇನೆ, ಎಲ್ಲರಿಗೂ ಹಾಗೆಯೇ, ಗಾಬರಿಯಾಗಬೇಡಿ. "ಏನಾದರೂ ಕಂಡಿತೇ?" ಎಂದು ಕೇಳಿಯೇ ಕೇಳುತ್ತಾರೆ. ಚಿತ್ರ ತೆಗೆಯುವುದು ನನ್ನ ಕೆಲಸ, ಓದುವುದು ವೈದ್ಯರದು, ಅವರು ನಿಮಗೆ ತಿಳಿಸುತ್ತಾರೆ ಎಂದಷ್ಟೇ ಹೇಳಿ. ಏನೂ ಇಲ್ಲ ಎಂದು ಸಮಾಧಾನಕ್ಕೂ ಹೇಳಬೇಡಿ. ಆದರೆ ತೊಡೆಯ ಅಭಿಧಮನಿ ಒತ್ತಿದರೂ ಮುಚ್ಚಿಕೊಳ್ಳುತ್ತಿಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ಕಂಡರೆ ಅವರನ್ನು ಮನೆಗೆ ಕಳಿಸಬೇಡಿ. ರೇಡಿಯಾಲಜಿಸ್ಟರಿಗೆ ಆಗಲೇ ಫೋನ್ ಮಾಡಿ.

ಕೆಲವೊಮ್ಮೆ ಆ ಮಬ್ಬು ಬೆಳಕಿನಲ್ಲಿ ಅವರು ಯಾರಿಗೂ ಹೇಳದ್ದನ್ನು ಹೇಳುತ್ತಾರೆ. ಒಬ್ಬರ ಕಾಲಿನ ಸ್ಕ್ಯಾನ್ ಮಾಡುವಾಗ ಮಾಂಸದ ನಡುವೆ ಚುಕ್ಕಿಯೊಂದು ಬೆಳ್ಳಗೆ ಹೊಳೆದು, ಅದರ ಹಿಂದೆ ಧೂಮಕೇತುವಿನ ಬಾಲದಂತೆ ಗೆರೆಗಳು ಎಳೆದವು. ಲೋಹದ ಚೂರು. ಅದು ಯಾವ ವರ್ಷದ್ದು, ಪಕ್ಕದಲ್ಲಿದ್ದ ಗೆಳೆಯನಿಗೆ ಏನಾಯಿತು ಎಂದು ಅವರೇ ಹೇಳಿದರು. ನಾನು ಪ್ರೋಬನ್ನು ಎತ್ತಿ, ಅವರ ಕಡೆ ತಿರುಗಿ ಕೂತು ಕೇಳಿದೆ. ಮುಂದಿನ ರೋಗಿಗೆ ಹತ್ತು ನಿಮಿಷ ತಡವಾಯಿತು. ಬದುಕಿ ಪ್ರಯೋಜನವಿಲ್ಲ ಎಂಬಂಥ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಕೋಣೆಯಿಂದಲೇ ನರ್ಸನ್ನು ಕರೆಸಿ, ಅವರ ಕೈಗೆ ಒಪ್ಪಿಸಿದ ಮೇಲೆಯೇ ಕದಲಿ. 988ಕ್ಕೆ ಕರೆ ಮಾಡಿ 1 ಒತ್ತಿದರೆ ಮಾಜಿ ಸೈನಿಕರಿಗಾಗಿಯೇ ಇರುವ ಸಹಾಯವಾಣಿ ಸಿಗುತ್ತದೆ ಎಂಬುದು ನಿಮಗೆ ಬಾಯಿಪಾಠವಾಗಿರಲಿ.

ನಿಮ್ಮ ಭುಜವನ್ನೂ ಕಾಪಾಡಿಕೊಳ್ಳಿ. ನಾಚಿಕೊಳ್ಳದೆ ರೋಗಿಯನ್ನು ನಿಮ್ಮ ಪಕ್ಕದ ಅಂಚಿಗೆ ಸರಿಯಲು ಹೇಳಿ, ಮೊಣಕೈ ಮೈಗೆ ಹತ್ತಿರವಿರಲಿ, ಪ್ರೋಬಿನ ವೈರು ಕೈಯಿಂದ ಜೋತು ಎಳೆಯದಂತೆ ನೋಡಿಕೊಳ್ಳಿ. ಐದನೆಯ ವರ್ಷದಲ್ಲಿ ನನಗೆ ಆರು ವಾರ ಕೈ ಎತ್ತಲಾಗಲಿಲ್ಲ.

ಸ್ಕ್ಯಾನ್ ಮುಗಿದ ಮೇಲೆ ಜೆಲ್ ಒರೆಸಿಕೊಳ್ಳಲು ಬೆಚ್ಚಗಿನ ಟವೆಲ್ ಕೊಡಿ, ಅವರು ನಿಧಾನವಾಗಿ ಎದ್ದು ಷೂ ದಾರ ಕಟ್ಟಿಕೊಳ್ಳುವವರೆಗೆ ಕಾಯಿರಿ. ಅವರು ಹೋದ ಮೇಲೆ ಟಿಪ್ಪಣಿಯಲ್ಲಿ ಕಂಡದ್ದರ ಜೊತೆಗೆ ಕಾಣದ್ದನ್ನೂ ಬರೆಯಿರಿ: "ಗಾಳಿಯಿಂದಾಗಿ ಮೇದೋಜೀರಕದ ತುದಿ ಕಾಣಲಿಲ್ಲ." ವರದಿ ಓದುವ ವೈದ್ಯರು ಮುಂದೆ ಸಿಟಿ ಸ್ಕ್ಯಾನ್ ಬೇಕೇ ಎಂದು ನಿರ್ಧರಿಸುವುದು ಆ ಒಂದು ಸಾಲನ್ನು ನೋಡಿ.